ಪ್ಲಾಸ್ಟರ್ ಸಂಗಪ್ಪನ ಕಿವಿ

ದುಬೈಯ ಆ ಆಸ್ಪತ್ರೆಗೆ ಕೈಕಾಲು ಮುರಿದುಕೊಂಡು ಬಂದವರು ಮೊದಲ ದಿನ ದೊಡ್ಡ ಡಾಕ್ಟರನ್ನು ಕೇಳುತ್ತಿದ್ದರು. ಪ್ಲಾಸ್ಟರ್ ಬಿಚ್ಚುವ ದಿನ ಬಂದಾಗ ಮಾತ್ರ ಎಲ್ಲರೂ ಕೇಳುತ್ತಿದ್ದದ್ದು ಸಂಗಪ್ಪನನ್ನು. ಪ್ಲಾಸ್ಟರ್ ಕೊಯ್ಯುವ ಮಷೀನು ಒಂದು ಕೈಯಲ್ಲಿ ಹಿಡಿಯುವಷ್ಟೇ ಚಿಕ್ಕದು, ಆದರೆ ಅದು ಒದರಿಕೊಳ್ಳಲು ಶುರುಮಾಡಿದರೆ ಗಟ್ಟಿ ಗಂಡಸರೂ ಬೆವರುತ್ತಿದ್ದರು. ಸಂಗಪ್ಪ ಅದರ ಹಲ್ಲಿನ ಬಿಲ್ಲೆಯನ್ನು ಮೊದಲು ತನ್ನ ಅಂಗೈಗೇ ಒತ್ತಿ ತೋರಿಸುತ್ತಿದ್ದ. ಗಟ್ಟಿ ಇದ್ದದ್ದನ್ನು ಕೊಯ್ಯುತ್ತದೆ, ಮೆತ್ತಗಿದ್ದದ್ದನ್ನು ಬಿಡುತ್ತದೆ, ಹೆದರಬೇಡಿ ಎಂದು ಹರಕುಮುರುಕು ಹಿಂದಿಯಲ್ಲಿ, ಕಲಿತಷ್ಟು ಅರಬ್ಬಿಯಲ್ಲಿ ಹೇಳುತ್ತಿದ್ದ. ಅಳುತ್ತಾ ಬಂದ ಮಕ್ಕಳು ನಗುತ್ತಾ ಇಳಿದು ಹೋಗುತ್ತಿದ್ದವು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಿವಿಯ ಒಳಗಿರುವುದೂ ಮೆತ್ತಗಿನದೇ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ, ಅಷ್ಟೆ.

ಊರು ಬಾದಾಮಿ ಹತ್ತಿರದ ಕೆರೂರು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿ ಸೇರಿಕೊಂಡವನು, ಅಲ್ಲಿಯ ಮುದುಕ ಕಂಪೌಂಡರನ ಬೆನ್ನು ಹತ್ತಿ ಪ್ಲಾಸ್ಟರ್ ಕೆಲಸ ಕಲಿತ. ೧೯೮೯ರಲ್ಲಿ ದುಬೈಗೆ ಬಂದ. ಇಲ್ಲಿ ಅವನಿಗೆ ಸಿಕ್ಕಿದ್ದು ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆ, ಸುತ್ತ ಬಿಳಿ ಟೈಲ್ಸು, ತಲೆಯ ಮೇಲೆ ಏಸಿ. ಮಷೀನಿನ ಸದ್ದು ಗೋಡೆಗೆ ಬಡಿದು ಮತ್ತೆ ಅವನ ಮೇಲೇ ಬೀಳುತ್ತಿತ್ತು. ದಿನಕ್ಕೆ ಇಪ್ಪತ್ತು ಪ್ಲಾಸ್ಟರು, ರಂಜಾನ್ ಮುಗಿದ ವಾರದಲ್ಲಿ ಮೂವತ್ತು.

ಅದಲ್ಲದೆ ವಾರಕ್ಕೆ ಎರಡು ದಿನ ಆಪರೇಷನ್ ಥಿಯೇಟರಿನಲ್ಲಿ ಕಾಲು ಹಿಡಿದು ನಿಲ್ಲುವ ಕೆಲಸ. ಎಲುಬಿನ ಆಪರೇಷನ್ ಎಂದರೆ ಜನ ಏನೋ ನಾಜೂಕಿನದು ಅಂದುಕೊಂಡಿದ್ದಾರೆ. ಒಳಗೆ ಹೋಗಿ ನೋಡಬೇಕು, ಬಡಗಿಯ ಅಂಗಡಿ! ಗರಗಸ, ಡ್ರಿಲ್ಲು, ಉಳಿ, ಸುತ್ತಿಗೆ. ಸೊಂಟದೊಳಗೆ ಉಕ್ಕಿನ ಕೀಲು ಕೂರಿಸುವಾಗ ಡಾಕ್ಟರು ಎರಡೂ ಕೈಯಿಂದ ಸುತ್ತಿಗೆ ಎತ್ತಿ ಬಡಿಯುತ್ತಿದ್ದರು, ಮೊಳದಾಚೆ ಸಂಗಪ್ಪನ ತಲೆ ಇರುತ್ತಿತ್ತು. ಬಂದ ಹೊಸದರಲ್ಲಿ ಕಿವಿಗೆ ಹಾಕಿಕೊಳ್ಳಲು ಏನಾದರೂ ಕೊಡಿ ಎಂದು ಸ್ಟೋರಿನವನನ್ನು ಕೇಳಿದ. ಅದೆಲ್ಲ ರಸ್ತೆ ಅಗೆಯುವವರಿಗೆ, ಇದು ಆಸ್ಪತ್ರೆ ಕಣಪ್ಪಾ ಎಂದು ಸ್ಟೋರಿನವನು ನಕ್ಕ. ಸಂಗಪ್ಪನೂ ನಕ್ಕು ಬಂದ. ಮತ್ತೆ ಕೇಳಲಿಲ್ಲ. ಅವನ ಜಾಗದಲ್ಲಿ ನಾವು ನೀವಾಗಿದ್ದರೂ ಕೇಳುತ್ತಿರಲಿಲ್ಲ ಬಿಡಿ, ಹೊಸ ಕೆಲಸದಲ್ಲಿ ಯಾರು ತಾನೇ ತಕರಾರು ತೆಗೆಯುತ್ತಾರೆ.

ಹತ್ತು ವರ್ಷ ಏನೂ ಗೊತ್ತಾಗಲಿಲ್ಲ. ಅಲ್ ಕುಸೈಸಿನಲ್ಲಿ ಮನೆ ಮಾಡಿ ಹೆಂಡತಿ ಗಿರಿಜವ್ವನನ್ನೂ ಮಗಳು ದಾನೇಶ್ವರಿಯನ್ನೂ ಕರೆಸಿಕೊಂಡ. ಆಮೇಲೆ ನಿಧಾನಕ್ಕೆ ಜಗತ್ತಿನ ಜನರೆಲ್ಲ ಬಾಯೊಳಗೇ ಮಾತಾಡಲು ಶುರುಮಾಡಿದರು. ಸಂಗಪ್ಪನ ಮಟ್ಟಿಗೆ ವಿಷಯ ಹಾಗೇ ಇತ್ತು. ತಪ್ಪು ತನ್ನ ಕಿವಿಯದು ಎಂದು ಎಳ್ಳಷ್ಟೂ ಅನಿಸಲಿಲ್ಲ. ಉಪವಾಸದ ದಿನ ಗಿರಿಜವ್ವ ಸಬ್ಬಕ್ಕಿ ತರಲು ಹೇಳಿದರೆ ಐದು ಕಿಲೋ ಅಕ್ಕಿ ಹೊತ್ತು ತಂದ, ಸರಿಯಾಗಿ ಹೇಳಬಾರದೇನು ಎಂದು ಅವಳ ಮೇಲೇ ರೇಗಿದ. ಟೀವಿಯ ಸದ್ದು ಏರುತ್ತಾ ಹೋಗಿ ಪಕ್ಕದ ಮನೆಯವರು ಗೋಡೆ ಬಡಿಯತೊಡಗಿದರು. ದಾನೇಶ್ವರಿಯದು ಸಣ್ಣ ದನಿ, ಅದರ ಮೇಲೆ ಶಾಲೆಯ ಇಂಗ್ಲಿಷು. ಅವಳ ಮಾತಂತೂ ಅವನಿಗೆ ಅರ್ಧವೂ ದಕ್ಕುತ್ತಿರಲಿಲ್ಲ. ದಕ್ಕದಿದ್ದಾಗ ನಕ್ಕು ತಲೆಯಾಡಿಸುತ್ತಿದ್ದ. ರಾತ್ರಿ ತಲೆಯಿಟ್ಟರೆ ಜೀರುಂಡೆಯೊಂದು ಒಳಗೆ ಹೊಕ್ಕಂತೆ ಕೊಯ್ ಎಂಬ ಸದ್ದು. ಅದನ್ನು ಏಸಿಯ ಸದ್ದು ಎಂದುಕೊಂಡು ಎರಡು ಸಲ ಏಸಿ ರಿಪೇರಿ ಮಾಡಿಸಿದ.

ಗುಟ್ಟು ಹಿಡಿದವರು ಮಧುಮತಿ ಡಾಕ್ಟರು. ಧಾರವಾಡದವರು, ಎಲುಬಿನ ವಿಭಾಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಡೀ ವಿಭಾಗದಲ್ಲಿ ಕನ್ನಡದ ಜೀವಗಳು ಇವೆರಡೇ. ಅವರು ಅವನನ್ನು ಸಂಗಪ್ಪಾರ ಎನ್ನುತ್ತಿದ್ದರು, ಅವನು ಅವರನ್ನು ಅಕ್ಕಾರ ಎನ್ನುತ್ತಿದ್ದ, ವಯಸ್ಸಿನಲ್ಲಿ ಅವರು ಹನ್ನೆರಡು ವರ್ಷ ಚಿಕ್ಕವರಾದರೂ. ಕೆಲಸದ ಮಾತೂ ಕನ್ನಡದಲ್ಲೇ ಆಗುತ್ತಿತ್ತು. ಎದುರಿಗೆ ನಿಂತರೆ ಒಂದಕ್ಷರ ತಪ್ಪದ ಈ ಮನುಷ್ಯ ಬೆನ್ನ ಹಿಂದೆ ಕರೆದರೆ ಕಲ್ಲಿನಂತೆ ನಿಂತಿರುತ್ತಾನೆ, ತುಟಿ ನೋಡಿಯೇ ಮಾತು ಹಿಡಿಯುತ್ತಾನೆ ಎಂಬುದನ್ನು ಅವರು ಗಮನಿಸಿದರು. ಒಂದು ದಿನ ಹಿಂದೆ ನಿಂತು ಬೇಕೆಂದೇ ನಾಲ್ಕು ಸಲ ಕೂಗಿದರು. ಅವನು ಹತ್ತಿ ಸುತ್ತುತ್ತಲೇ ಇದ್ದ. ಐದನೆಯ ಸಲ ಎದುರಿಗೆ ಬಂದು, ಕಿವಿ ತೋರಿಸಿಕೊಂಡು ಬನ್ನಿ ಎಂದು ದೇರಾದ ಒಂದು ಕ್ಲಿನಿಕ್ಕಿಗೆ ಕಳಿಸಿದರು.

ಅಲ್ಲಿ ಒಂದು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದರು. ಬಹಳ ಹೊತ್ತು ಅವನು ಗುಂಡಿಯನ್ನು ಹಿಡಿದು ಸುಮ್ಮನೆ ಕೂತಿದ್ದ. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದೇ ತಿಳಿದಿದ್ದ. ಹೊರಗೆ ಬಂದಾಗ ಡಾಕ್ಟರು ಒಂದು ಗೆರೆಯ ಚಿತ್ರ ತೋರಿಸಿದರು. ಎಡಗಡೆ ನೆಟ್ಟಗೆ ಬಂದ ಗೆರೆ ಬಲಗಡೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಮಷೀನಿನ ಸದ್ದಿನಿಂದ ಆದದ್ದು, ಹೋದದ್ದು ಮರಳಿ ಬರುವುದಿಲ್ಲ, ಆ ಕೋಣೆ ಬಿಟ್ಟರೆ ಉಳಿದದ್ದಾದರೂ ಉಳಿಯುತ್ತದೆ ಎಂದರು.

ಆ ಕೋಣೆ ಬಿಟ್ಟರೆ ಅವನಿಗೆ ದುಬೈಯಲ್ಲಿ ಉಳಿಯುವುದೇನು? ವೀಸಾ ನಿಂತಿದ್ದದ್ದು ಆ ಮಷೀನಿನ ಮೇಲೆ, ಹೆಂಡತಿ ಮಗಳ ವೀಸಾ ನಿಂತಿದ್ದದ್ದು ಅವನ ವೀಸಾದ ಮೇಲೆ. ದಾನೇಶ್ವರಿ ಇನ್ನೆರಡು ತಿಂಗಳಿಗೆ ಹತ್ತನೆಯ ಕ್ಲಾಸಿಗೆ ಹೋಗುವವಳು. ಹತ್ತನೆಯದರ ನಡುವೆ ಎಬ್ಬಿಸಿಕೊಂಡು ಊರಿಗೆ ಹೋದರೆ ಆ ಹುಡುಗಿಯ ಗತಿ? ಸಂಗಪ್ಪ ಮಧುಮತಿ ಡಾಕ್ಟರ ಎದುರು ಕೈಮುಗಿದು ನಿಂತ. ಮುಂದಿನ ಮಾರ್ಚಿನಲ್ಲಿ ಮಗಳ ಪರೀಕ್ಷೆ ಮುಗಿಯುತ್ತದೆ, ಅಲ್ಲಿಯವರೆಗೆ ಬಾಯಿ ಬಿಡಬೇಡಿ, ಆಮೇಲೆ ನಾನೇ ಬಿಟ್ಟು ಹೋಗುತ್ತೇನೆ ಎಂದ.

ಡಾಕ್ಟರು ಒಪ್ಪಬಾರದಿತ್ತು. ಅದು ಅವರಿಗೂ ಗೊತ್ತಿತ್ತು. ಆದರೆ ತಮ್ಮೂರಿನ ಕಡೆಯ ಮನುಷ್ಯ, ತಮಗಿಂತ ಹಿರಿಯ, ಕೈಮುಗಿದು ನಿಂತಿದ್ದಾನೆ. ಕಡೆಗೆ ಒಂದು ಕರಾರು ಹಾಕಿದರು.

"ನನ್ನ ಬಾಯಿ ನೋಡಿದ ಮ್ಯಾಲೇ ಮಷೀನು ಚಾಲೂ ಮಾಡಬೇಕು. ಬಾಯಿ ಕಾಣಲಿಲ್ಲಂದ್ರ ಕೈ ಹಚ್ಚಬಾರದು. ಆಣೆ ಮಾಡ್ರಿ."

ಸಂಗಪ್ಪ ಮಗಳ ಮೇಲೆ ಆಣೆ ಮಾಡಿದ. ಮೂರು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು. ಅಷ್ಟರಲ್ಲಿ ೨೦೦೩ರ ಆ ಸಾರ್ಸ್ ಜ್ವರದ ಸುದ್ದಿ ಬಂತು. ಚೀನಾದ ಕಡೆಯ ರೋಗ ಇಲ್ಲಿಗೂ ಬರಬಹುದೆಂದು ಆಸ್ಪತ್ರೆಯಲ್ಲಿ ಎಲ್ಲರೂ ದಿನವಿಡೀ ಮಾಸ್ಕ್ ಹಾಕಬೇಕೆಂದು ಆರ್ಡರ್ ಹೊರಟಿತು. ಒಂದೇ ಬೆಳಗಿನಲ್ಲಿ ಆಸ್ಪತ್ರೆಯ ಬಾಯಿಗಳೆಲ್ಲ ಮಾಯವಾದವು. ಬರೀ ಕಣ್ಣುಗಳು ಓಡಾಡುತ್ತಿದ್ದವು. ಆದರೂ ಸಂಗಪ್ಪ ತನ್ನ ಕಿವಿಯ ವಿಷಯ ಯಾರಿಗೂ ಹೇಳಲಿಲ್ಲ. ಕಣ್ಣು, ಹುಬ್ಬು, ಬೆರಳು ತೋರಿಸಿದ ದಿಕ್ಕು, ಇವನ್ನೇ ಕೂಡಿಸಿ ಕಳೆದು ದಿನ ತಳ್ಳಿದ. ಮಧುಮತಿ ಡಾಕ್ಟರು ಅವನೊಬ್ಬನೇ ಎದುರಿಗಿದ್ದಾಗ ಮಾಸ್ಕ್ ಇಳಿಸಿ ಮಾತಾಡುತ್ತಿದ್ದರು, ಗಡಿಬಿಡಿಯಲ್ಲಿದ್ದಾಗ ಮರೆಯುತ್ತಿದ್ದರು. ಮರೆತಾಗ ನೆನಪಿಸುವುದು ಅವನ ಕೆಲಸವಾಗಿತ್ತು. ಹತ್ತು ಸಲ ನೆನಪಿಸಿದ, ಹನ್ನೊಂದನೆಯ ಸಲ ನಾಚಿಕೆಯಾಯಿತು.

ಆ ಹನ್ನೊಂದನೆಯ ಸಲ ಮೇಜಿನ ಮೇಲೆ ಕೂತಿದ್ದವನು ಅಲಿಕುಂಞಿ. ಮಂಜೇಶ್ವರದವನು, ಕಟ್ಟಡಗಳಿಗೆ ಹೊರಗಿನಿಂದ ಅಟ್ಟಣಿಗೆ ಕಟ್ಟುವ ಕೆಲಸ, ವಾಸ ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ. ಎರಡನೆಯ ಮಾಳಿಗೆಯಿಂದ ಬಿದ್ದು ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಎಡಗಾಲಿನ ಹಿಮ್ಮಡಿ ಕೂಡಿಕೊಂಡಿತ್ತು. ಬಲಗಾಲಿನಲ್ಲಿ ಮೊಣಕಾಲ ಕೆಳಗಿನ ಉದ್ದ ಎಲುಬು ಇನ್ನೂ ಹಸಿ ಇತ್ತು. ಮಧುಮತಿ ಡಾಕ್ಟರು ಎಕ್ಸ್‌ರೇ ಹಿಡಿದು ಬಾಗಿಲಲ್ಲೇ ನಿಂತು, ಒಂದು ಬೆರಳೆತ್ತಿ, ಒಂದು ಕಾಲಿನದು ಬಿಚ್ಚಲು ಹೇಳಿದರು. ಚೀಟಿ ಇನ್ನೂ ಬರೆದಿರಲಿಲ್ಲ. ಸಂಗಪ್ಪ ಬಲಗಾಲಿನ ಮೇಲೆ ಕೈಯಿಟ್ಟು, ಇದೇನ್ರೀ ಅಕ್ಕಾರ ಎಂದು ಕೇಳಿದ.

ಮಾಸ್ಕಿನ ಹಿಂದಿನಿಂದ ಅವರು "ಅಲ್ಲ" ಎಂದರು.

ಸಂಗಪ್ಪನಿಗೆ ಕೇಳಿಸಿದ್ದು "ಯಲ್ಲಾ".

ದುಬೈಯಲ್ಲಿ ಈ ಮಾತನ್ನು ಯಾರು ಆಡುವುದಿಲ್ಲ ಹೇಳಿ. ಲೆಬನಾನಿನ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರ ಬಾಯಲ್ಲೂ ದಿನಕ್ಕೆ ನೂರು ಸಲ ಯಲ್ಲಾ. ನಡಿ, ಆಗಲಿ, ಶುರು ಮಾಡು, ಎಲ್ಲಕ್ಕೂ ಅದೇ. ಮಧುಮತಿ ಡಾಕ್ಟರೂ ಸಂಗಪ್ಪಾರ ಯಲ್ಲಾ ಎಂದು ಎಷ್ಟೋ ಸಲ ಹೇಳಿದ್ದುಂಟು. ಕನ್ನಡ ಬಾರದವನಾಗಿದ್ದರೆ ಅವರು ನೋ ಎನ್ನುತ್ತಿದ್ದರು. ಹೊಸದಾಗಿ ಊರಿನಿಂದ ಬಂದವನಾಗಿದ್ದರೆ ಅಲ್ಲ ಎಂದದ್ದು ಅಲ್ಲ ಎಂದೇ ಕೇಳಿಸುತ್ತಿತ್ತು. ಎರಡೂ ಭಾಷೆಯಲ್ಲಿ ಹದಿನಾಲ್ಕು ವರ್ಷ ಬಾಳಿದ ಕಿವುಡನಿಗಷ್ಟೇ ಆಗಬಹುದಾದ ತಪ್ಪು ಇದು. ಕಾರಿಡಾರಿನಲ್ಲಿ ಯಾರೋ ಕರೆದರೆಂದು ಡಾಕ್ಟರು ಅತ್ತ ತಿರುಗಿದರು, ಸಂಗಪ್ಪ ಮಷೀನು ಹಿಡಿದ.

ಪ್ಲಾಸ್ಟರ್ ಕೊಯ್ಯುವಾಗ ಅಲಿಕುಂಞಿ ಏನೋ ಹೇಳಿದ. ಎರಡು ಸಲ ಹೇಳಿದ. ಈ ಹೊತ್ತಿನಲ್ಲಿ ಎಲ್ಲರೂ ಏನಾದರೂ ಹೇಳುವವರೇ, ಹೆದರಿಕೆ. ಸಂಗಪ್ಪ ಕಣ್ಣಲ್ಲೇ ನಕ್ಕು, ಏನೂ ಆಗುವುದಿಲ್ಲ ಎಂದು ಅವನ ಮೊಣಕಾಲು ತಟ್ಟಿದ. ಅಲಿಕುಂಞಿ ಕೂಲಿಯ ಮನುಷ್ಯ, ಆಸ್ಪತ್ರೆಯವರಿಗೆ ತನಗಿಂತ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದ. ಹೋಳಾದ ಪ್ಲಾಸ್ಟರನ್ನು ತೆಗೆದು ಬದಿಗಿಟ್ಟು ಸಂಗಪ್ಪ ಗಾಲಿಕುರ್ಚಿ ತರಲು ತಿರುಗಿದ. ಅಷ್ಟರಲ್ಲಿ ಅಲಿಕುಂಞಿ ಆ ಕಾಲನ್ನು ನೆಲಕ್ಕೂರಿ ಏಳಲು ನೋಡಿದ. ಕೂಡದ ಎಲುಬು ಒಳಗೇ ಜರುಗಿತು. ಆ ಕೂಗು ಸಂಗಪ್ಪನಿಗೆ ಚೆನ್ನಾಗಿಯೇ ಕೇಳಿಸಿತು.

ಮರುದಿನ ಅಲಿಕುಂಞಿಗೆ ಆಪರೇಷನ್. ಎಲುಬಿನ ನಡುವೆ ಉಕ್ಕಿನ ಸಲಾಕೆ ಹೊಡೆದು ಕೂರಿಸಬೇಕು. ಕಾಲು ಹಿಡಿದು ನಿಲ್ಲುವ ಪಾಳಿ ಸಂಗಪ್ಪನದೇ. ಸುತ್ತಿಗೆಯ ಒಂದೊಂದು ಏಟೂ ಆ ಕಾಲಿನಿಂದ ಅವನ ಕೈಗೆ, ಕೈಯಿಂದ ಎದೆಗೆ ಬಂದು ತಾಗುತ್ತಿತ್ತು. ಇಷ್ಟಾದರೂ ಡಾಕ್ಟರು ಯಲ್ಲಾ ಎಂದೇ ಹೇಳಿದ್ದರು, ತಪ್ಪು ಅವರದು ಎಂದು ಅವನು ಮನಸಾರೆ ನಂಬಿದ್ದ. ಕೇಳಿದ್ದನ್ನು ನಂಬದೆ ಮನುಷ್ಯ ಇನ್ನೇನನ್ನು ನಂಬಬೇಕು?

ಮೂರನೆಯ ದಿನ ವಾರ್ಡಿಗೆ ಹೋಗಿ ಅಲಿಕುಂಞಿಯ ಪಕ್ಕ ಕೂತ. ರೋಗಿಗೆ ಮಾಸ್ಕ್ ಇರಲಿಲ್ಲ, ಬಾಯಿ ಕಾಣುತ್ತಿತ್ತು. ಡಾಕ್ಟರು ಹಾಗೆ ಹೇಳಬಾರದಿತ್ತು ಎಂದು ಸಂಗಪ್ಪನೇ ಮಾತು ತೆಗೆದ.

ಅಲಿಕುಂಞಿ ಅವನನ್ನೇ ನೋಡಿದ. "ಡಾಕ್ಟರ್ ಅಲ್ಲ ಅಂತಲೇ ಹೇಳಿದ್ದು ಮಾರಾಯ್ರೆ. ನಾನು ನಿಮಗೆ ಎರಡು ಸಲ ಹೇಳಿದೆ ಅಲ್ವಾ, ಆ ಕಾಲಲ್ಲ ಅಂತ. ನೀವು ನಗಾಡಿದ್ರಿ."

ನಿಮಗೆ ಕಿವಿ ಸರಿ ಇಲ್ಲವಾ ಎಂದು ಅಲಿಕುಂಞಿ ಕೇಳುತ್ತಿದ್ದಂತೆ ಸಂಗಪ್ಪ ಎದ್ದು ಬಂದ. ಈಗ ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ನಡೆದದ್ದೇ ಹೇಳಲು ನಾಚಿಕೆಯಾಗುವ ಮಾತು.

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ಮೇಜಿನ ಒಂದು ಬದಿ ಮಧುಮತಿ ಡಾಕ್ಟರು, ಇನ್ನೊಂದು ಬದಿ ಸಂಗಪ್ಪ. ಅಲಿಕುಂಞಿಯನ್ನು ಯಾರೂ ಕರೆಯಲಿಲ್ಲ. ಕ್ಯಾಂಪಿನ ಮನುಷ್ಯನನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲೇ ಇಲ್ಲ. ಡಾಕ್ಟರು ತಾವು ಹೇಳಿದ ಪದವನ್ನು ಹೇಳಿದರು, ಅದರ ಅರ್ಥವನ್ನೂ ಹೇಳಿದರು. ಸಂಗಪ್ಪ ತಾನು ಕೇಳಿದ್ದನ್ನು ಹೇಳಿದ. ಮ್ಯಾನೇಜರು ಎರಡನ್ನೂ ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದು ನೋಡಿದರು. ಒಂದೇ ಅಕ್ಷರದ ಫರಕು. ಆಮೇಲೆ ತಲೆಯೆತ್ತಿ, ಮಾಸ್ಕ್ ಕೆಳಗೆ ಸರಿಸಿ, ನಿನ್ನ ಕಿವಿಯಲ್ಲೇನಾದರೂ ತೊಂದರೆ ಇದೆಯೇ ಎಂದು ಸಂಗಪ್ಪನನ್ನು ನೇರವಾಗಿ ಕೇಳಿದರು.

ಮಧುಮತಿ ಡಾಕ್ಟರು ಅವನತ್ತ ನೋಡಿದರು. ಅವರು ಹೇಳಬಹುದಿತ್ತು. ಹೇಳಿದರೆ, ಗೊತ್ತಿದ್ದೂ ಕಿವುಡನ ಕೈಯಲ್ಲಿ ಮಷೀನು ಕೊಟ್ಟಿರಿ ಎಂಬ ಇನ್ನೂ ದೊಡ್ಡ ತಪ್ಪು ಅವರ ತಲೆಗೇ ಬರುತ್ತಿತ್ತು. ಅವರನ್ನು ಉಳಿಸುವ ಮಾತೊಂದಿದ್ದರೆ ಅದು ಸಂಗಪ್ಪನ ಬಾಯಿಂದ ಬರಬೇಕಿತ್ತು. ನಾನು ಮುಚ್ಚಿಟ್ಟೆ, ತಪ್ಪು ನನ್ನದು ಎಂದರೆ ಸಾಕಿತ್ತು. ಅವನ ಕಣ್ಣಿನ ಮುಂದೆ ಹತ್ತನೆಯ ಕ್ಲಾಸಿನ ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಮಗಳು ಬಂದಳು.

"ನೋ ಸರ್. ಕಿವಿ ಬರಾಬರ್ ಐತಿ," ಎಂದ ಸಂಗಪ್ಪ.

ಡಾಕ್ಟರು ನೋಟ ಕೆಳಗೆ ಹಾಕಿದರು. ಅವರ ವಿರುದ್ಧ ಒಂದು ಹಾಳೆ ಬರೆದಾಯಿತು. ಡ್ಯೂಟಿಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಬಳಸಲಿಲ್ಲ, ಚೀಟಿ ಬರೆಯುವ ಮೊದಲೇ ಬಾಯಿಮಾತಿನಲ್ಲಿ ಹೇಳಿದರು, ಆದೇಶ ಸ್ಪಷ್ಟವಿರಲಿಲ್ಲ. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದಾಯಿತು. ಎರಡೂವರೆ ವರ್ಷದಲ್ಲಿ ಅವರು ಇಲ್ಲಿ ಸಂಪಾದಿಸಿದ ಹೆಸರು ಆ ಒಂದು ಹಾಳೆಯಲ್ಲಿ ಮುಗಿದುಹೋಯಿತು.

ಹೋಗುವ ದಿನ ಅವರು ಪ್ಲಾಸ್ಟರ್ ಕೋಣೆಗೆ ಬಂದರು. ಬಾಗಿಲು ಮುಚ್ಚಿ, ಮಾಸ್ಕ್ ಪೂರ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವನ ಎದುರಿಗೆ ನಿಂತರು. ಬೈಯಲು ಬಂದವರು ಯಾರಾದರೂ ಇಷ್ಟು ಕಾಳಜಿಯಿಂದ ನಿಲ್ಲುತ್ತಾರೆಯೇ? ಒಂದೊಂದೇ ಪದವನ್ನು ತುಟಿಯ ಮೇಲೆ ಬಿಡಿಸಿಟ್ಟರು.

"ನನಗ ಸಿಟ್ಟಿಲ್ಲ ಅನ್ನೂದಿಲ್ಲ ಸಂಗಪ್ಪಾರ, ಭಾಳ ಸಿಟ್ಟೈತಿ. ಆದ್ರ ನಾಳಿಂದ ನಿಮಗ ಬಾಯಿ ತೋರಿಸಿ ಮಾತಾಡವರು ಇಲ್ಲಿ ಯಾರೂ ಇಲ್ಲ. ಇನ್ನೊಬ್ಬರ ಕಾಲು ಹೋಗೂದು ಬ್ಯಾಡ. ಮಷೀನು ಬಿಡ್ರಿ."

ಸಂಗಪ್ಪ ಕೈಮುಗಿದ. ಅವರು ಹೊರಟುಹೋದರು. ಅಲಿಕುಂಞಿಯನ್ನೂ ಅದೇ ವಾರ ಕಂಪನಿಯವರು ಊರಿಗೆ ಕಳಿಸಿದರು. ಊರುಗೋಲು ಹಿಡಿದು ಅವನು ಮೆಟ್ಟಿಲಿಳಿಯುವುದನ್ನು ಸಂಗಪ್ಪ ಕಾರಿಡಾರಿನ ತುದಿಯಿಂದ ನೋಡಿದ, ಹತ್ತಿರ ಹೋಗಲಿಲ್ಲ.

ಮೂರು ವಾರ ಅವನು ಮಷೀನು ಬಿಡಲಿಲ್ಲ. ಮಗಳಿಗಾಗಿ, ಮಗಳಿಗಾಗಿ ಎಂದು ತನಗೆ ತಾನೇ ಹೇಳಿಕೊಂಡು ಕೋಣೆಗೆ ಹೋಗುತ್ತಿದ್ದ. ನಾಲ್ಕನೆಯ ವಾರ ಆರು ವರ್ಷದ ಒಂದು ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿದರು. ಮೊಣಕೈಗೆ ಪ್ಲಾಸ್ಟರ್. ಹೊಸ ಡಾಕ್ಟರು ಮಾಸ್ಕಿನ ಒಳಗಿನಿಂದ ಏನೋ ಹೇಳಿದರು. ಸಂಗಪ್ಪ ಮತ್ತೊಮ್ಮೆ ಹೇಳಿ ಎಂದ. ಅವರು ಮತ್ತೊಮ್ಮೆ ಹೇಳಿದರು, ಹುಬ್ಬು ಗಂಟಿಕ್ಕಿ ಮೂರನೆಯ ಸಲವೂ ಹೇಳಿದರು. ಬಿಚ್ಚು ಎಂದರೋ, ಬಿಚ್ಚಬೇಡ ಎಂದರೋ, ಅರ್ಧ ಬಿಚ್ಚು ಎಂದರೋ, ಒಂದೂ ತಿಳಿಯಲಿಲ್ಲ. ಹುಡುಗಿಯ ತಾಯಿ ಅವನ ಕೈಯನ್ನೇ ನೋಡುತ್ತಿದ್ದಳು. ಸಂಗಪ್ಪ ಮಷೀನನ್ನು ಮೇಜಿನ ಮೇಲಿಟ್ಟು, ವೈರನ್ನು ಗೋಡೆಯಿಂದ ಕಿತ್ತು, ನೇರ ಮ್ಯಾನೇಜರ ಕೋಣೆಗೆ ನಡೆದ. ನನಗೆ ಕಿವಿ ಕೇಳಿಸುವುದಿಲ್ಲ, ಅವತ್ತೂ ಕೇಳಿಸಿರಲಿಲ್ಲ, ಡಾಕ್ಟರು ಸರಿಯಾಗಿಯೇ ಹೇಳಿದ್ದರು, ಅವರನ್ನು ವಾಪಸ್ ಕರೆಸಿ ಎಂದ.

ಮ್ಯಾನೇಜರು ಮಾಸ್ಕ್ ಸರಿಸಿ, ಆ ಫೈಲು ಖಲಾಸ್ ಎಂದರು. ಆ ಡಾಕ್ಟರು ಆಗಲೇ ಊರು ಸೇರಿ ಮೂರು ವಾರವಾಗಿದೆ, ಈಗ ಅದನ್ನು ತೆರೆದರೆ ಆಸ್ಪತ್ರೆಗೇ ಕೆಟ್ಟ ಹೆಸರು. ಉಳಿದದ್ದು ಸಂಗಪ್ಪನ ಫೈಲು ಮಾತ್ರ. ವೀಸಾ ರದ್ದು, ಒಂದು ತಿಂಗಳಲ್ಲಿ ಸಂಸಾರ ಸಮೇತ ದೇಶ ಬಿಡಬೇಕು. ಅದೆಲ್ಲ ಕಾಗದದ ಮೇಲೆ ಬರೆದದ್ದಾದ್ದರಿಂದ ಸಂಗಪ್ಪನಿಗೆ ಒಂದಕ್ಷರವೂ ತಪ್ಪದೆ ತಿಳಿಯಿತು.

ಮಧ್ಯಾಹ್ನ ಮನೆಗೆ ಬಂದು ಹೆಂಡತಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ದೇರಾದ ಗೆರೆಯ ಚಿತ್ರ, ಡಾಕ್ಟರಿಗೆ ಕೈಮುಗಿದದ್ದು, ಅಲಿಕುಂಞಿಯ ಕಾಲು, ಮ್ಯಾನೇಜರ ಮುಂದೆ ಆಡಿದ ಸುಳ್ಳು. ಗಿರಿಜವ್ವ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ದಾನೇಶ್ವರಿ ಮೊದಲು ಅತ್ತಳು, ಆಮೇಲೆ ಅಳು ನಿಲ್ಲಿಸಿದಳು. ನನ್ನ ಪರೀಕ್ಷೆಗೋಸ್ಕರ ಆ ಮೇಡಮ್ಮಿನ ಕೆಲಸ ಹೋಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎದುರಿಗೇ ಇದ್ದಳು, ಬಾಯಿ ಕಾಣುತ್ತಿತ್ತು. ಸಂಗಪ್ಪ ಹೂಂ ಎಂದ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು. ನಿಂತುಕೊಂಡು ಏನೋ ಹೇಳಿದಳು. ಉದ್ದದ ಮಾತಲ್ಲ, ನಾಲ್ಕೈದು ಪದ ಇರಬಹುದು. ಸಂಗಪ್ಪನಿಗೆ ಕಂಡದ್ದು ಅವಳ ಹೆಗಲು ಅಲ್ಲಾಡಿದ್ದಷ್ಟೇ. ಗಿರಿಜವ್ವನ ಮುಖ ಮಾತ್ರ ಬಿಳಿಚಿಕೊಂಡಿತು.

ಏನಂದಳು ಎಂದು ಅವನು ಹೆಂಡತಿಯನ್ನು ಕೇಳಿದ. ಅವಳು ಅವನ ಮುಖ ನೋಡದೆ ಎದ್ದಳು.

"ಏನೂ ಇಲ್ಲ, ಬಿಡ್ರಿ," ಎಂದಳು.

ಏನೋ ಇತ್ತು. ಆದರೆ ಮಗಳನ್ನು ಇತ್ತ ತಿರುಗಿಸಿ, ಇನ್ನೊಮ್ಮೆ ಹೇಳವ್ವ ಎಂದು ಕೇಳುವ ಧೈರ್ಯ ಅವನಿಗೆ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.